ಶಿಲಾ ಕಾರಂಜಿಗಳ ಸಂರಕ್ಷಣೆ

ಕೆತ್ತನೆಯ ಕಲ್ಲಿನಲ್ಲಿ ಕಟ್ಟಿದ ಹಳೆಯ ಕಾರಂಜಿ, ಜಲಮಂಟಪ, ಗೋಮುಖ, ತೊಟ್ಟಿಗಳನ್ನು ಕೆಡದಂತೆ ಕಾಯುವ, ಕೆಟ್ಟಿದ್ದರೆ ಸರಿಪಡಿಸುವ ವಿದ್ಯೆ. ಪುರಾತತ್ತ್ವ, ಶಿಲ್ಪ, ಭೂವಿಜ್ಞಾನ, ರಸಾಯನವಿಜ್ಞಾನ, ನೀರಿನ ಎಂಜಿನಿಯರಿಂಗ್ ಎಲ್ಲವೂ ಇದರಲ್ಲಿ ಸೇರುತ್ತವೆ. ಗುಡಿ, ಕೋಟೆ, ಗೋರಿಗಳ ಸಂರಕ್ಷಣೆಯಲ್ಲಿ ಕಲ್ಲಿನ ಹತ್ತಿರ ನೀರು ಸುಳಿಯದಂತೆ ನೋಡಿಕೊಳ್ಳುವುದೇ ಮೊದಲ ಕೆಲಸ. ಕಾರಂಜಿಯ ವಿಷಯದಲ್ಲಿ ಆ ಸೂತ್ರ ನಡೆಯದು. ನೀರಿಲ್ಲದಿದ್ದರೆ ಅದು ಬರಿಯ ಕಲ್ಲಿನ ಗುಡ್ಡೆ. ನೀರು ಹರಿದರೆ ಪಾಚಿ, ಉಪ್ಪು, ಸವೆತ ತಪ್ಪಿದ್ದಲ್ಲ. ಈ ಇಕ್ಕಟ್ಟಿನಿಂದಾಗಿಯೇ ಕಾರಂಜಿಗಳ ದುರಸ್ತಿ ಉಳಿದ ಸ್ಮಾರಕಗಳ ದುರಸ್ತಿಯಿಂದ ಬೇರೆಯಾಗುತ್ತದೆ. ಮೂರ್ತಿಯ ಮುರಿದ ಮೂಗಿಗಿಂತ ಮೊದಲು ನೋಡಬೇಕಾದದ್ದು ನೀರು ಎಲ್ಲಿಂದ ಬರುತ್ತಿತ್ತು, ಯಾವಾಗ ನಿಂತಿತು, ಏಕೆ ನಿಂತಿತು ಎಂಬುದನ್ನು.

ಕನ್ನಡನಾಡಿನ ಪರಂಪರೆ

ಕರ್ನಾಟಕದಲ್ಲಿ ಕಲ್ಲಿನಿಂದ ನೀರು ಹೊಮ್ಮಿಸುವ ಕಲೆಗೆ ಎರಡು ಧಾರೆಗಳಿವೆ. ಮೊದಲನೆಯದು ಚಿಲುಮೆ ಮತ್ತು ಪುಷ್ಕರಣಿಯದು. ಬಾದಾಮಿ ಸಮೀಪದ ಮಹಾಕೂಟದಲ್ಲಿ ಸಹಜ ಬುಗ್ಗೆಯ ನೀರು ವಿಷ್ಣು ಪುಷ್ಕರಣಿಯನ್ನು ತುಂಬುತ್ತದೆ. ಕೊಳದೊಳಗಿನ ಪುಟ್ಟ ಮಂಟಪದಲ್ಲಿ ಮುಖಲಿಂಗವಿದೆ. ಕೋಲಾರದ ಅಂತರಗಂಗೆಯಲ್ಲಿ ಬೆಟ್ಟದ ಒರತೆ ಕಲ್ಲಿನ ಬಸವನ ಬಾಯಿಂದ ಬೀಳುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮಣ್ಣಿನಡಿ ಹೂತುಹೋಗಿದ್ದ ನಂದಿತೀರ್ಥ 1997ರಲ್ಲಿ ಅಗೆದಾಗ ಬೆಳಕಿಗೆ ಬಂತು. ಅಲ್ಲಿಯೂ ನಂದಿಯ ಬಾಯ ನೀರು ಕೆಳಗಿನ ಲಿಂಗದ ಮೇಲೆ ಬೀಳುವಂತೆ ಹೊಂದಿಸಿದ್ದಾರೆ. ಇವುಗಳಲ್ಲಿ ನೀರಿಗೆ ಒತ್ತಡ ಕೊಡುವ ಯಂತ್ರವಿಲ್ಲ. ಇಳಿಜಾರು ಹುಡುಕಿ ಅದರ ಕೊನೆಗೊಂದು ಬಾಯಿ ಕೆತ್ತುವುದೇ ಇಲ್ಲಿನ ಜಾಣ್ಮೆ.

ಎರಡನೆಯ ಧಾರೆ ದಖ್ಖನ್ನಿನ ಸುಲ್ತಾನರ ಕಾಲದ್ದು. ನೀರನ್ನು ಎತ್ತರಕ್ಕೆ ಏರಿಸಿ, ಕೊಳವೆಗಳಲ್ಲಿ ಒತ್ತಡ ಹಿಡಿದಿಟ್ಟು, ತೊಟ್ಟಿಯ ನಡುವಿನಿಂದ ಮೇಲಕ್ಕೆ ಚಿಮ್ಮಿಸುವ ಪದ್ಧತಿ ಇದು. ಬೀದರ ಕೋಟೆಯ ಲಾಲ್ ಬಾಗ್ ತೋಟದಲ್ಲಿ ಕೊಳ, ಕಾಲುವೆ, ಕಾರಂಜಿಗಳ ಸಾಲಿದೆ. ಬೀದರದ ಸ್ಮಾರಕಗಳನ್ನು ಸರಿಪಡಿಸಿ, 1947ರಲ್ಲಿ ಅವುಗಳ ಬಗ್ಗೆ ದೊಡ್ಡ ಗ್ರಂಥ ಹೊರತಂದ ಗುಲಾಂ ಯಜ್ದಾನಿ ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದವರು.

ವಿಜಯಪುರ: ನೀರು ಹೋದ ಮೇಲೆ ಉಳಿದ ಕಲ್ಲು

ಕಾರಂಜಿಯೆಂದರೆ ಕಣ್ಣಿಗೆ ಕಾಣುವ ತುದಿಯಷ್ಟೇ ಅಲ್ಲ ಎಂಬುದಕ್ಕೆ ವಿಜಯಪುರಕ್ಕಿಂತ ದೊಡ್ಡ ಪುರಾವೆ ಕರ್ನಾಟಕದಲ್ಲಿ ಇಲ್ಲ. ಆದಿಲಶಾಹಿ ಕಾಲದಲ್ಲಿ ಪಶ್ಚಿಮದ ತೊರವಿ ಕಡೆಯಿಂದ ಸುರಂಗದ ಮೂಲಕವೂ, ದಕ್ಷಿಣಕ್ಕೆ 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಗಾರೆಯಲ್ಲಿ ಹುದುಗಿಸಿದ ಸುಟ್ಟ ಮಣ್ಣಿನ ಕೊಳವೆಗಳ ಮೂಲಕವೂ ಊರಿಗೆ ನೀರು ಬರುತ್ತಿತ್ತು. ದಾರಿಯುದ್ದಕ್ಕೂ ಗಂಜ್ ಎಂಬ ಚೌಕ ಗೋಪುರಗಳು. ನೀರು ಅವುಗಳೊಳಗೆ ಏರಿ ಇಳಿಯುವಾಗ ಅತಿಯಾದ ಒತ್ತಡ ಮುರಿಯುತ್ತಿತ್ತು, ಮಣ್ಣು ಕೆಳಗೆ ಕೂರುತ್ತಿತ್ತು. ಈ ಗೋಪುರಗಳಿಲ್ಲದಿದ್ದರೆ ಮಣ್ಣಿನ ಕೊಳವೆಗಳು ಬಿರಿದುಹೋಗುತ್ತಿದ್ದವು. ಈಗ ಅವು ಪೇಟೆಯ ಮಧ್ಯೆ, ಹೊಲದ ಬದುಗಳಲ್ಲಿ ಒಂಟಿಯಾಗಿ ನಿಂತಿವೆ. ಬಹಳ ಜನ ಅವನ್ನು ಕಾವಲು ಬುರುಜು ಎಂದುಕೊಂಡು ಮುಂದೆ ಹೋಗುತ್ತಾರೆ.

ಈ ಜಾಲದ ತುದಿಗಳಲ್ಲಿ ಅರಳಿದ ಶಿಲ್ಪಗಳನ್ನು ನೋಡಬೇಕು. ಎರಡನೆಯ ಇಬ್ರಾಹಿಂ ಆದಿಲಶಹನ ಕಾಲದ ಸಾತ್ ಮಂಜಿಲ್ ಅರಮನೆಯ ಉಳಿದ ಅಂತಸ್ತುಗಳಲ್ಲಿ ನೀರಿನ ಕೊಳವೆ, ತೊಟ್ಟಿಗಳ ಗುರುತುಗಳು ಎಷ್ಟು ದಟ್ಟವಾಗಿವೆಯೆಂದರೆ, ಇದು ವಾಸದ ಮನೆಯೋ ನೀರಾಟದ ಮನೆಯೋ ಎಂಬ ಅನುಮಾನ ಬರುತ್ತದೆ. ಅದರ ಎದುರಿಗಿರುವ ಜಲಮಂದಿರ ಅಥವಾ ಜಲ್ ಮಂಜಿಲ್ ಪುಟ್ಟದು. ಸೂಕ್ಷ್ಮ ಕೆತ್ತನೆಯ ಕಲ್ಲಿನ ಮಂಟಪ. ತುಂಬಿದ ಕೊಳದ ನಡುವೆ ನಿಲ್ಲಬೇಕೆಂದು ಕಟ್ಟಿದ್ದು ಈಗ ಒಣನೆಲದಲ್ಲಿ ರಸ್ತೆಯ ಪಕ್ಕ ನಿಂತಿದೆ. ಕೆತ್ತನೆ ಬಹುಮಟ್ಟಿಗೆ ಗಟ್ಟಿಯಾಗಿಯೇ ಇದೆ. ಆದರೂ ಅದನ್ನು ಸುರಕ್ಷಿತ ಸ್ಮಾರಕ ಎನ್ನಲು ನಾಲಗೆ ತಡವರಿಸುತ್ತದೆ. ಪ್ರತಿಬಿಂಬಕ್ಕಾಗಿ ರೂಪಿಸಿದ ಕಟ್ಟಡದಿಂದ ನೀರನ್ನು ಕಳೆದರೆ ಅದರ ಅಳತೆ, ಎತ್ತರ, ಚಾಚಿದ ಛಜ್ಜೆ ಯಾವುದಕ್ಕೂ ಅರ್ಥ ಉಳಿಯುವುದಿಲ್ಲ. 1627ರಲ್ಲಿ ತೀರಿಕೊಂಡ ಇದೇ ಸುಲ್ತಾನನ ಗೋರಿಯಾದ ಇಬ್ರಾಹಿಂ ರೋಜಾದಲ್ಲಿಯೂ ಗೋರಿಗೂ ಮಸೀದಿಗೂ ನಡುವೆ, ಒಂದೇ ಜಗಲಿಯ ಮೇಲೆ ತೊಟ್ಟಿ ಮತ್ತು ಕಾರಂಜಿ ಇವೆ. ಪ್ರವಾಸಿಗರ ಕ್ಯಾಮೆರಾ ಮಿನಾರುಗಳ ಕಡೆಗೆ ತಿರುಗಿರುವುದರಿಂದ ಅವು ಯಾರ ಚಿತ್ರದಲ್ಲಿಯೂ ಸರಿಯಾಗಿ ಬೀಳುವುದಿಲ್ಲ.

ಸಿಂದಗಿ ಹಾದಿಯಲ್ಲಿ, ವಿಜಯಪುರದಿಂದ ಸುಮಾರು 16 ಕಿ.ಮೀ. ದೂರದ ಕುಮಟಗಿ ಈ ಕಲೆಯ ವಿಹಾರಧಾಮ. ಕೆರೆಯ ಪಕ್ಕದಲ್ಲಿ ತೊಟ್ಟಿಗಳು, ತೊಟ್ಟಿಯ ನಡುವೆ ಮಂಟಪ, ನೀರು ಏರಿಸುವ ಗೋಪುರ, ಅಲ್ಲಿಂದ ಹೊರಟ ಕೊಳವೆಗಳು, ಮೇಲಿನಿಂದ ತುಂತುರಾಗಿ ಬೀಳುವ ನೀರಿನ ವ್ಯವಸ್ಥೆ ಎಲ್ಲವೂ ಒಂದೆಡೆ ಇವೆ. ಗೋಡೆಗಳ ಮೇಲೆ ಕುದುರೆಯೇರಿದ ಚೆಂಡಾಟ, ಕುಸ್ತಿ, ಸಂಗೀತ, ಪರದೇಶಿ ಅತಿಥಿಗಳ ವರ್ಣಚಿತ್ರಗಳಿದ್ದವು. ಈಗ ಅವು ಬಹಳಷ್ಟು ಅಳಿಸಿವೆ. ಸಂರಕ್ಷಕನಿಗೆ ಕುಮಟಗಿ ಒಡ್ಡುವ ಪ್ರಶ್ನೆ ಕಠಿಣವಾದದ್ದು. ಚಿತ್ರವಿರುವ ಗಾರೆಗೆ ತೇವವೇ ಶತ್ರು, ತುಂತುರಿಗೆ ತೇವವೇ ಜೀವ. ಎರಡನ್ನೂ ಉಳಿಸಲಾಗದಿದ್ದಾಗ ನೀರನ್ನು ಬಿಟ್ಟು ಚಿತ್ರವನ್ನು ಉಳಿಸುವುದೇ ಸರಿ. ನೀರನ್ನು ಮತ್ತೆಂದಾದರೂ ಹರಿಸಬಹುದು, ಉದುರಿದ ಚಿತ್ರವನ್ನು ಬರೆಯಲಾಗದು. ಕೊಳವೆಗಳ ಜಾಡನ್ನು ಕೆಡಿಸದೆ ಇಟ್ಟರೆ ಮುಂದಿನವರಿಗೆ ದಾರಿ ತೆರೆದೇ ಇರುತ್ತದೆ.

ಮೂಲವನ್ನು ಸರಿಪಡಿಸುವ ಪ್ರಯತ್ನಗಳೂ ನಡೆದಿವೆ. ಚಾಂದ್ ಬಾವಡಿ (1579), ತಾಜ್ ಬಾವಡಿ (1620) ಮೊದಲಾದ ದೊಡ್ಡ ಬಾವಿಗಳ ಹೂಳು ಕಳೆದ ದಶಕದಲ್ಲಿ ಹೊರಬಿತ್ತು. ತೊರವಿ ಸುರಂಗ ಜಾಲಕ್ಕೆ ಸೇರಿದ ಸುರಂಗ ಬಾವಡಿ, ದಖ್ಖನ್ನಿನ ಚಾರಿತ್ರಿಕ ಜಲವ್ಯವಸ್ಥೆಗಳ ಹೆಸರಿನಲ್ಲಿ 2020ರ ವಿಶ್ವ ಸ್ಮಾರಕ ಕಾವಲು (ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್) ಪಟ್ಟಿಗೆ ಸೇರಿತು. ಬೀದರದ ನೌಬಾದಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಗಾಳಿಬಾವಿಗಳಿರುವ ಕರೇಜ್ ಎಂಬ ನೀರಿನ ಸುರಂಗದ ಜಾಡು ಹಿಡಿದು ಹೂಳು ತೆಗೆಯುವ ಕೆಲಸ ನಡೆಯಿತು. ಇವು ಬಾವಿ, ಸುರಂಗಗಳ ಕೆಲಸ, ಕಾರಂಜಿಯ ಕೆಲಸವಲ್ಲ ಎನ್ನಬಹುದು. ಆದರೆ ಜಲಮಂದಿರಕ್ಕೆ ನೀರು ಬರುವುದೇ ಆದರೆ ಈ ದಾರಿಯಿಂದ ಬರಬೇಕೇ ಹೊರತು ಟ್ಯಾಂಕರಿನಿಂದಲ್ಲ.

ಹಂಪಿ ಮತ್ತು ರಾಯಚೂರು ಸೀಮೆಯ ಕಲ್ಲು

ಹಂಪಿಯ ಮಹಾನವಮಿ ದಿಬ್ಬದ ಬಳಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ 1980ರ ದಶಕದಲ್ಲಿ ಅಗೆದು ತೆಗೆದ ಮೆಟ್ಟಿಲು ಕೊಳ ಕಾರಂಜಿಯಲ್ಲದಿದ್ದರೂ ದುರಸ್ತಿಯ ವಿದ್ಯಾರ್ಥಿಗಳಿಗೆ ಪಾಠಶಾಲೆ. ಸುಮಾರು 22 ಮೀಟರ್ ಚೌಕ, 7 ಮೀಟರ್ ಆಳ, ಐದು ಹಂತ. ಕರಿಯ ಪದರುಕಲ್ಲಿನ ತುಂಡುಗಳ ಮೇಲೆ ದಿಕ್ಕು, ಸಾಲು, ಸ್ಥಾನ ಸೂಚಿಸುವ ಗುರುತುಗಳನ್ನು ಕಲ್ಲುಕುಟಿಗರು ಕೊರೆದಿದ್ದಾರೆ. ಕಲ್ಲುಗಳನ್ನು ಬೇರೆಡೆ ಕೆತ್ತಿ ತಂದು ಇಲ್ಲಿ ಜೋಡಿಸಿದರೆಂಬುದು ಇದರಿಂದ ತಿಳಿಯುತ್ತದೆ. ಬಿದ್ದ ಕಲ್ಲುಗಳನ್ನು ಅವುಗಳ ಮೂಲ ಜಾಗದಲ್ಲಿಯೇ ಕೂರಿಸುವ ಮರುಜೋಡಣೆಗೆ ಇಂಥ ಗುರುತುಗಳೇ ಆಧಾರ. ಗುರುತು ಇಲ್ಲದ ಕಡೆ ಇಂದಿನ ಸಂರಕ್ಷಕರು ಕಲ್ಲು ಬಿಚ್ಚುವ ಮೊದಲು ತಾವೇ ಅಂಕಿ ಬರೆಯುತ್ತಾರೆ. ಒಂದೇ ನಿಯಮವೆಂದರೆ ಆ ಅಂಕಿ ಕೆತ್ತನೆಯ ಮುಖದ ಮೇಲೆ ಇರಬಾರದು, ಅಳಿಸಲಾಗದ ಬಣ್ಣದಲ್ಲಿಯೂ ಇರಬಾರದು.

ರಾಯಚೂರು ಜಿಲ್ಲೆಯಲ್ಲಿ ಲಿಂಗಸುಗೂರು, ಸಿಂಧನೂರು, ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರು ಸುತ್ತಿನ ನೆಲ ಕಾರಂಜಿಗಳಿಗೆ ಹೆಸರಾದದ್ದಲ್ಲ. ಇದು ಬಾವಿ, ಹೊಂಡ, ಕಂದಕಗಳ ಸೀಮೆ. ಕೃಷ್ಣಾ, ತುಂಗಭದ್ರೆಗಳ ನಡುವಿನ ಈ ದೋಅಬಿಗಾಗಿ ವಿಜಯನಗರದವರೂ ವಿಜಯಪುರದವರೂ ಕಾದಾಡಿದರು. ಮುದಗಲ್ಲಿನ ಕೋಟೆಯ ಸುತ್ತಲಿನ ಕಂದಕ ಆ ಕಾಲದ ನೀರಿನ ಕೆಲಸಗಳಲ್ಲೊಂದು. ಆದರೆ ಕಲ್ಲಿನ ಕಸುಬಿಗೆ ಈ ನೆಲ ಒಳ್ಳೆಯ ಪಾಠ ಹೇಳುತ್ತದೆ. ಹಟ್ಟಿ–ಮಸ್ಕಿ ಪಟ್ಟಿಯ ಪದರುಕಲ್ಲಿನಲ್ಲಿ ಚಿನ್ನದ ಎಳೆಗಳಿವೆ. ಅದರ ಸುತ್ತಲೂ ಗಟ್ಟಿ ಗ್ರಾನೈಟ್, ನೈಸ್ ಬಂಡೆಗಳು. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಅಂಥ ಕಲ್ಲನ್ನು ಗಾಡಿಯ ಮೇಲೇರಿಸಿ ಕೋಣಗಳಿಂದ ಎಳೆಸುವ ದೃಶ್ಯವನ್ನು ಅಲ್ಲಿಯೇ ಗೋಡೆಯ ಮೇಲೆ ಕೆತ್ತಿದ್ದಾರೆ. ಕ್ರೇನ್ ಸಿಗದೆ ಕೆಲಸ ನಿಂತಿದೆ ಎಂದು ಕಡತಕ್ಕೆ ಟಿಪ್ಪಣಿ ಬರೆಯುವವರು ಆ ದೃಶ್ಯವನ್ನೊಮ್ಮೆ ನೋಡಿಬರುವುದು ಒಳ್ಳೆಯದು.

ಕಲ್ಲು ಬದಲಾದರೆ ರೋಗವೂ ಬದಲಾಗುತ್ತದೆ. ರಾಯಚೂರು ಸೀಮೆಯ ಗ್ರಾನೈಟ್ ನೀರನ್ನು ಹೀರುವುದು ತೀರ ಕಡಿಮೆ. ಅದಕ್ಕೆ ಬಿಸಿಲೇ ಕಾಟ: ಬೇಸಿಗೆಯ ಹಗಲು 40 ಡಿಗ್ರಿ ದಾಟಿದ ಬಂಡೆಯ ಮೇಲೆ ಸಂಜೆ ತಣ್ಣೀರು ಬಿದ್ದು, ವರ್ಷಗಟ್ಟಲೆ ಹೀಗೇ ನಡೆದರೆ ಮೇಲಿನ ಹೊರೆ ಚಕ್ಕೆಯಾಗಿ ಏಳುತ್ತದೆ. ವಿಜಯಪುರದ ಕಪ್ಪು ಬಸಾಲ್ಟ್ ಗಟ್ಟಿಯೇ, ಆದರೆ ಅದರೊಳಗಿನ ಕಬ್ಬಿಣದ ಅಂಶ ಆಸಿಡ್ ತಾಗಿದರೆ ಹಳದಿ ಕಲೆಯಾಗಿ ಹೊರಬರುತ್ತದೆ. ಬೀದರದ ಜಂಬಿಟ್ಟಿಗೆ ರಂಧ್ರಮಯ. ಹಳೇಬೀಡು, ಲಕ್ಕುಂಡಿಗಳ ಬಳಪದ ಕಲ್ಲು ಉಳಿಗೆ ಸುಲಭವಾಗಿ ಬಗ್ಗುವಂತೆಯೇ ಉಜ್ಜುವ ತಂತಿ ಬ್ರಷ್ಷಿಗೂ ಬಗ್ಗುತ್ತದೆ. ಬಾದಾಮಿಯ ಮರಳುಗಲ್ಲು ತೇವ ಹಿಡಿದು ಪುಡಿಯಾಗುತ್ತದೆ.

ಕೇಡಿನ ಕಾರಣಗಳು

ಐರೋಪ್ಯ ಕೈಪಿಡಿಗಳು ಕಾರಂಜಿಯ ಮೊದಲ ಶತ್ರು ಹಿಮ ಎನ್ನುತ್ತವೆ: ಕಲ್ಲಿನೊಳಗೆ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಚಳಿಗಾಲದಲ್ಲಿ ಮೂರ್ತಿಗಳಿಗೆ ಹೊದಿಕೆ ಹಾಕಬೇಕು ಎಂದು. ನಮ್ಮಲ್ಲಿ ಆ ಅಧ್ಯಾಯವನ್ನು ಪೂರ್ತಿ ಬಿಟ್ಟು, ಉಪ್ಪಿನ ಅಧ್ಯಾಯವನ್ನು ಎರಡು ಸಲ ಓದಬೇಕು. ಸಿಂಧನೂರು ಕಡೆಯ ಕಾಲುವೆ ನೀರಾವರಿಯ ರೈತರಿಗೆ ಸವಳು-ಜವಳು ಏನೆಂದು ಹೇಳಿಕೊಡಬೇಕಿಲ್ಲ. ನೆಲದಡಿಯ ನೀರು ಉಪ್ಪನ್ನು ಹೊತ್ತು ಮೇಲೆ ಬರುತ್ತದೆ, ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಹೊಲದಲ್ಲಿ ನಡೆಯುವ ಇದೇ ಕ್ರಿಯೆ ಕಲ್ಲಿನ ರಂಧ್ರಗಳೊಳಗೂ ನಡೆಯುತ್ತದೆ. ಸೋಡಿಯಂ ಸಲ್ಫೇಟ್ ಒಣಗಿದ್ದಾಗ ಇರುವ ಗಾತ್ರಕ್ಕಿಂತ ತೇವ ಹೀರಿ ಹರಳಾದಾಗ ಮೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಕಾರಂಜಿಯ ತೊಟ್ಟಿಯಲ್ಲಿ ಸದಾ ನೀರಿರುವ ಭಾಗಕ್ಕಿಂತ, ನೀರಿನ ಅಂಚಿನಿಂದ ಸ್ವಲ್ಪ ಮೇಲಿನ, ದಿನಕ್ಕೊಮ್ಮೆ ನೆನೆದು ಒಣಗುವ ಪಟ್ಟಿಯೇ ಮೊದಲು ಉದುರುವುದು ಇದರಿಂದಾಗಿ. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಪಂಪು ಹಾಕಿ ನಿಲ್ಲಿಸುವ ಪದ್ಧತಿ ವಿದ್ಯುತ್ ಉಳಿಸಬಹುದು, ಕಲ್ಲನ್ನು ಉಳಿಸುವುದಿಲ್ಲ.

ಕೊಳವೆಬಾವಿಯ ಗಡಸು ನೀರು ಇನ್ನೊಂದು ಪಿಡುಗು. ಆರಿದಾಗಲೆಲ್ಲ ಸುಣ್ಣದ ಬಿಳಿ ಹೊರೆ ಬಿಟ್ಟು, ಕೆತ್ತನೆಯ ಕಣ್ಣು, ತುಟಿ, ಹೂವಿನ ಎಸಳುಗಳ ನಡುವಿನ ಗೆರೆಗಳನ್ನು ಅದು ತುಂಬಿಬಿಡುತ್ತದೆ. ಹಳೆಯ ಕೆರೆ ನೀರಿಗೆ ಬೋರ್‌ವೆಲ್ ನೀರು ಬದಲಿಯಾಗದಿರುವುದು ಇದರಿಂದಲೇ. ಪಾಚಿ, ಕಲ್ಲುಹೂವು, ಸಂದುಗಳಲ್ಲಿ ಬೇರೂರುವ ಅರಳಿ, ಅತ್ತಿಗಳದ್ದು ಎಲ್ಲರಿಗೂ ಕಾಣುವ ಕೇಡು. ಕಾಣದ ಕೇಡು ಕಬ್ಬಿಣದ್ದು. ಕಲ್ಲುಗಳನ್ನು ಬಿಗಿಯಲು ಒಳಗೆ ಹೊಡೆದ ಕೊಂಡಿಗಳು ತುಕ್ಕು ಹಿಡಿದರೆ ಹಲವು ಪಟ್ಟು ಉಬ್ಬಿ ಕಲ್ಲನ್ನೇ ಸೀಳುತ್ತವೆ. ಅಥೆನ್ಸಿನ ಆಕ್ರೊಪೊಲಿಸಿನಲ್ಲಿ ನಿಕೊಲಾವೋಸ್ ಬಾಲಾನೋಸ್ 20ನೆಯ ಶತಮಾನದ ಆರಂಭದಲ್ಲಿ ಹಾಕಿಸಿದ ಕಬ್ಬಿಣದ ಕೊಂಡಿಗಳು ಅಮೃತಶಿಲೆಯನ್ನು ಒಡೆದವು. 1975ರ ನಂತರದ ತಂಡಗಳು ಅವನ್ನು ಕಿತ್ತು ಟೈಟೇನಿಯಂ ಹಾಕುತ್ತ ಬಂದಿವೆ. ಮೊದಲ ದುರಸ್ತಿಗೆ ಇನ್ನೊಂದು ದುರಸ್ತಿ ಬೇಕಾಗುವ ಇಂಥ ಉದಾಹರಣೆಗಳು ನಮ್ಮಲ್ಲಿಯೂ ಬೇಕಾದಷ್ಟಿವೆ. ಅವುಗಳಲ್ಲಿ ಕಬ್ಬಿಣಕ್ಕಿಂತ ಸಿಮೆಂಟಿನ ಪಾಲು ದೊಡ್ಡದು.

ಫ್ಲೋರಾ ಫೌಂಟನ್

ಭಾರತದಲ್ಲಿ ಕೆತ್ತನೆಯ ಕಾರಂಜಿಯೊಂದನ್ನು ಮೂಲದಿಂದ ತುದಿಯವರೆಗೆ ಸರಿಪಡಿಸಿ ಮತ್ತೆ ನೀರು ಹರಿಸಿದ್ದಕ್ಕೆ ಮುಂಬಯಿಯ ಫ್ಲೋರಾ ಫೌಂಟನ್ ಹೆಸರಾದ ನಿದರ್ಶನ. ಫೋರ್ಟ್ ಭಾಗದ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿ ಶಾಲೆಗಳಲ್ಲಿ ಕನ್ನಡ ಓದಿದ ಕರಾವಳಿಯ ಹುಡುಗರ ಹಲವು ತಲೆಮಾರುಗಳಿಗೆ ಇದು ದಿನವೂ ಹಾಯುವ ಚೌಕ. 1956ರವರೆಗೆ ವಿಜಯಪುರ, ಧಾರವಾಡ, ಬೆಳಗಾವಿಗಳಿಗೂ ಮುಂಬಯಿಯೇ ರಾಜಧಾನಿಯಾಗಿತ್ತು.

ಮುಂಬಯಿ ಕೋಟೆಯ ಗೋಡೆಗಳನ್ನು ಕೆಡವಿದ ಕಾಲದಲ್ಲಿ, ಚರ್ಚ್‌ಗೇಟ್ ಎಂಬ ಬಾಗಿಲು ಇದ್ದ ಜಾಗದಲ್ಲಿ, 1864ರಲ್ಲಿ ಈ ಕಾರಂಜಿ ಎದ್ದಿತು. ಪಶ್ಚಿಮ ಭಾರತದ ಕೃಷಿ-ತೋಟಗಾರಿಕೆ ಸಂಘ ಇದನ್ನು ವಿಕ್ಟೋರಿಯಾ ಉದ್ಯಾನಕ್ಕೆಂದು ಮಾಡಿಸಿತ್ತು. ವಿನ್ಯಾಸ ರಿಚರ್ಡ್ ನಾರ್ಮನ್ ಷಾ ಅವರದು, ಶಿಲ್ಪ ಜೇಮ್ಸ್ ಫೋರ್ಸೈತ್ ಅವರದು. ತಗುಲಿದ ವೆಚ್ಚ 47,000 ರೂಪಾಯಿ. ಅದರಲ್ಲಿ 20,000 ಪಾರಸಿ ದಾನಿ ಕರ್ಸೆಟ್ಜಿ ಫರ್ದೂಂಜಿ ಪಾರೇಖ್ ಅವರ ಕೊಡುಗೆ. ಗವರ್ನರ್ ಬಾರ್ಟಲ್ ಫ್ರಿಯರ್ ಹೆಸರಿಡುವ ಯೋಚನೆಯಿದ್ದರೂ ಜನರ ಬಾಯಲ್ಲಿ ತುದಿಯಲ್ಲಿ ನಿಂತ ರೋಮನ್ನರ ಹೂದೇವತೆ ಫ್ಲೋರಾಳ ಹೆಸರೇ ನಿಂತಿತು. ಕಲ್ಲು ಇಂಗ್ಲೆಂಡಿನ ಡಾರ್ಸೆಟ್ ತೀರದ ಪೋರ್ಟ್‌ಲ್ಯಾಂಡ್ ಸುಣ್ಣಗಲ್ಲು. ಲಂಡನ್ನಿನ ಮಂಜಿಗೆ ಒಗ್ಗಿದ ಈ ಮೃದು ಕಲ್ಲನ್ನು ಅರಬ್ಬೀ ಸಮುದ್ರದ ಉಪ್ಪುಗಾಳಿಗೂ ನಾಲ್ಕು ತಿಂಗಳ ಮುಂಗಾರಿಗೂ ಒಡ್ಡಿದ್ದೇ ಮೊದಲ ತೊಂದರೆ. ಆಮೇಲೆ ವಾಹನಗಳ ಹೊಗೆ ಸೇರಿತು. ಹೊಗೆಯ ಗಂಧಕ ಸುಣ್ಣಗಲ್ಲಿನೊಡನೆ ಸೇರಿ ಜಿಪ್ಸಮ್ಮಿನ ಕಪ್ಪು ಹೊರೆ ಕಟ್ಟುತ್ತದೆ. ಹೊರೆ ಬಿರಿದು ಬೀಳುವಾಗ ಕೆತ್ತನೆಯನ್ನೂ ಕರೆದೊಯ್ಯುತ್ತದೆ.

ಕಪ್ಪಾದದ್ದನ್ನು ಬೆಳ್ಳಗೆ ಕಾಣಿಸಲು ದಶಕಗಳ ಕಾಲ ಮಾಡಿದ್ದು ಮತ್ತೆ ಮತ್ತೆ ಬಣ್ಣ ಬಳಿಯುವ ಕೆಲಸ. ಎಣ್ಣೆಬಣ್ಣದ ಪದರದಡಿ ಕಲ್ಲು ಉಸಿರಾಡಲಾರದು. ಸಂದಿನಿಂದ ಒಳಗೆ ಹೋದ ನೀರು ಹೊರಬರಲು ದಾರಿ ಕಾಣದೆ ಒಳಗಿನಿಂದಲೇ ಕೊಳೆಸುತ್ತದೆ. ನಮ್ಮ ಗುಡಿಗಳ ಸುಣ್ಣಕ್ಕೂ ಈ ಬಣ್ಣಕ್ಕೂ ಇರುವ ಅಂತರ ದೊಡ್ಡದು. ಸುಣ್ಣ ಬಳಿದ ಶಿಲ್ಪದ ಅಂದ ಮರೆಯಾಗುತ್ತದೆ ನಿಜ, ಆದರೆ ಆ ಪದರ ತೇವವನ್ನು ಹಿಡಿದಿಡುವುದಿಲ್ಲ. ಅಜ್ಜಂದಿರು ಬಳಿದ ಸುಣ್ಣದಡಿಯಲ್ಲಿ ಉಳಿಯ ಗೆರೆಗಳು ಹೊಸವೆಂಬಂತೆ ಉಳಿದಿರುವುದನ್ನು ಹಲವು ಕಡೆ ಕಾಣಬಹುದು.

ಮುಂಬಯಿ ಮಹಾನಗರಪಾಲಿಕೆ ಕೈಗೊಂಡ ಜೀರ್ಣೋದ್ಧಾರವನ್ನು ಸಂರಕ್ಷಣಾ ವಾಸ್ತುಶಿಲ್ಪಿ ವಿಕಾಸ್ ದಿಲಾವರಿ ಮುನ್ನಡೆಸಿದರು. ಕೆಲಸ ಎರಡು ಹಂತಗಳಲ್ಲಿ ನಡೆಯಿತು, ಮತ್ತು ಅದರ ಕ್ರಮವೇ ಇಲ್ಲಿ ಮುಖ್ಯ. ಮೊದಲು ನೀರಿನ ವ್ಯವಸ್ಥೆ, ಸೋರಿಕೆ, ಕಟ್ಟಡದ ಭದ್ರತೆ; ಆಮೇಲೆ ಬಣ್ಣದ ಪದರ ತೆಗೆಯುವುದು, ಬಿರುಕು ತುಂಬುವುದು, ಮುರಿದ ಅಂಗಗಳನ್ನು ಸರಿಪಡಿಸುವುದು. ಫೋಟೋದಲ್ಲಿ ಚೆನ್ನಾಗಿ ಕಾಣುವ ಎರಡನೆಯ ಹಂತದಿಂದಲೇ ಕೆಲಸ ಶುರುಮಾಡುವ ಆಸೆಯನ್ನು ತಡೆದುಕೊಳ್ಳುವುದು ಸುಲಭವಲ್ಲ. 2019ರ ಜನವರಿ 24ರಂದು ಕಾರಂಜಿ ಮತ್ತೆ ಚಿಮ್ಮಿತು. ಅದೇ ವರ್ಷ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಸಂರಕ್ಷಣಾ ಪ್ರಶಸ್ತಿಗಳಲ್ಲಿ ಗೌರವ ಉಲ್ಲೇಖ ಪಡೆಯಿತು. ಮುಂಬಯಿಯದೇ ಆದ ವೆಲಿಂಗ್ಟನ್ ಫೌಂಟನ್ನಿಗೂ, ಬೊಮನ್‌ಜಿ ಹೊರ್ಮಸ್‌ಜಿ ವಾಡಿಯಾ ಕಾರಂಜಿ-ಗಡಿಯಾರ ಗೋಪುರಕ್ಕೂ 2017ರಲ್ಲಿ ಇದೇ ಮನ್ನಣೆ ದೊರೆತಿತ್ತು.

ಕೆಲಸದ ರೀತಿ

ದುರಸ್ತಿಗೆ ಮುನ್ನ ಕಾರಂಜಿಯ ಪ್ರತಿ ಕಲ್ಲಿನ ಅಳತೆ ನಕ್ಷೆ ಬರೆದು, ಬಿರುಕು, ಚಕ್ಕೆ, ಉಪ್ಪು, ಪಾಚಿ, ಹಳೆಯ ತೇಪೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ಗುರುತಿಸುತ್ತಾರೆ. ಈಗ ನೂರಾರು ಛಾಯಾಚಿತ್ರಗಳನ್ನು ಹೊಲಿದು ಮೂರು ಆಯಾಮದ ಪ್ರತಿರೂಪ ಮಾಡುವುದು ಅಗ್ಗವಾಗಿದೆ, ಫೋನಿನಲ್ಲಿಯೂ ಆಗುತ್ತದೆ. ಸೋರಿಕೆ ಪತ್ತೆಗೆ ತೊಟ್ಟಿ ತುಂಬಿಸಿ, ಮಟ್ಟ ಗುರುತು ಹಾಕಿ, ಒಂದು ರಾತ್ರಿ ಬಿಟ್ಟು ನೋಡುವ ಹಳೆಯ ವಿಧಾನಕ್ಕೆ ಇಂದಿಗೂ ಬದಲಿಯಿಲ್ಲ. ಆವಿಯಾದದ್ದನ್ನು ಕಳೆಯಲು ಪಕ್ಕದಲ್ಲೊಂದು ಬಕೆಟ್ ನೀರು ಇಟ್ಟರೆ ಸಾಕು.

ಶುಚಿ ಮಾಡುವುದರಲ್ಲಿ ಮೃದುವಾದದ್ದರಿಂದ ಗಡುಸಿನ ಕಡೆಗೆ ಹೋಗಬೇಕೆಂಬುದು ನಿಯಮ. ಮೊದಲು ಒಣ ಬ್ರಷ್ಷು, ಆಮೇಲೆ ಶುದ್ಧ ನೀರು, ಬೇಕಾದರೆ ತೆಳು ಅಮೋನಿಯಾ ಮತ್ತು ಕ್ಷಾರವಿಲ್ಲದ ಮಾರ್ಜಕ. ಪುರಾತತ್ತ್ವ ಸರ್ವೇಕ್ಷಣದ ರಸಾಯನ ಶಾಖೆ ಆರಂಭವಾದದ್ದು 1917ರಲ್ಲಿ. ದೆಹರಾದೂನಿನಲ್ಲಿ ನೆಲೆಯೂರಿದ ಈ ಶಾಖೆ ಬಹುಕಾಲದಿಂದ ಬಳಸುವ ಇನ್ನೊಂದು ವಿಧಾನ ಲೇಪದ್ದು. ಕಾಗದದ ತಿರುಳು ಅಥವಾ ಮುಲ್ತಾನಿ ಮಿಟ್ಟಿಯನ್ನು ಶುದ್ಧ ನೀರಿನಲ್ಲಿ ಕಲಸಿ ಕಲ್ಲಿಗೆ ಮೆತ್ತಿದರೆ, ಒಣಗುತ್ತ ಒಣಗುತ್ತ ಅದು ಒಳಗಿನ ಉಪ್ಪನ್ನು ತನ್ನತ್ತ ಎಳೆಯುತ್ತದೆ. ಲೇಪದಲ್ಲಿ ಉಪ್ಪು ಕಾಣದಾಗುವವರೆಗೆ ಇದನ್ನು ಮತ್ತೆ ಮತ್ತೆ ಮಾಡಬೇಕು. ಇಷ್ಟು ತಾಳ್ಮೆಯಿಲ್ಲದವರು ಹಿಡಿಯುವ ದಾರಿಗಳು ಎರಡು: ಮರಳು ಸಿಡಿಸುವುದು, ಆಸಿಡ್ ಸುರಿಯುವುದು. ಮರಳು ಸಿಡಿಸಿದ ಶಿಲ್ಪ ದೂರದಿಂದ ಹೊಚ್ಚ ಹೊಸದಾಗಿ ಹೊಳೆಯುತ್ತದೆ. ಹತ್ತಿರ ಹೋದರೆ ಉಂಗುರ, ರೆಪ್ಪೆ, ಸೀರೆಯ ಅಂಚು ಮಾಯ. ಇದನ್ನು ಜೀರ್ಣೋದ್ಧಾರ ಎನ್ನುವುದಕ್ಕಿಂತ ನಿಧಾನವಾದ ಭಂಜನ ಎನ್ನುವುದು ಸರಿ.

ಸಂದುಗಳನ್ನು ಮುಚ್ಚಲು ಸುಣ್ಣದ ಗಾರೆಯೇ ತಕ್ಕದ್ದು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಹಲವು ದಿನ ಮಾಗಿಸಿ, ಮರಳು ಮತ್ತು ಇಟ್ಟಿಗೆ ಪುಡಿ ಸೇರಿಸಿ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಬೆರೆಸುವುದೂ ಉಂಟು. ಇಟ್ಟಿಗೆ ಪುಡಿಯಿಂದ ಗಾರೆ ನೀರಿನೊಳಗೂ ಗಟ್ಟಿಯಾಗುತ್ತದೆ, ತೊಟ್ಟಿಗೆ ಬೇಕಾದ ಗುಣ ಅದೇ. ಗಾರೆ ಕಲ್ಲಿಗಿಂತ ಸ್ವಲ್ಪ ಮೆತ್ತಗಿರಬೇಕು. ಒಡೆಯುವುದಿದ್ದರೆ ಅದು ಒಡೆಯಲಿ, ಕಲ್ಲು ಉಳಿಯಲಿ. ಸಿಮೆಂಟಿನ ಗುಣ ಇದಕ್ಕೆ ತಿರುಗುಮುರುಗು. ಅದು ಕಲ್ಲಿಗಿಂತ ಗಡುಸು, ತೇವ ಬಿಡದು, ಜೊತೆಗೆ ತನ್ನದೇ ಉಪ್ಪನ್ನು ಕಲ್ಲಿಗೆ ಉಣಿಸುತ್ತದೆ. ಬಿರಿದ ತುಂಡುಗಳನ್ನು ಸೇರಿಸಲು ತುಕ್ಕುಹಿಡಿಯದ ಉಕ್ಕು ಅಥವಾ ಟೈಟೇನಿಯಂ ಸರಳು ಬಳಸುತ್ತಾರೆ.

ಮುರಿದು ಕಳೆದುಹೋದ ಭಾಗಗಳ ವಿಷಯದಲ್ಲಿ ಒಮ್ಮತವಿಲ್ಲ. ಪುರಾತತ್ತ್ವ ಸರ್ವೇಕ್ಷಣದ ಮುಖ್ಯಸ್ಥರಾಗಿದ್ದ ಜಾನ್ ಮಾರ್ಷಲ್ಲರ 1923ರ ಸಂರಕ್ಷಣಾ ಕೈಪಿಡಿ ಇದ್ದದ್ದನ್ನು ಉಳಿಸುವುದಕ್ಕೆ ಒತ್ತುಕೊಟ್ಟಿತು. ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ನಿಯಮಾವಳಿಯಾದ 1964ರ ವೆನಿಸ್ ಸನ್ನದು ಊಹೆ ಶುರುವಾದಲ್ಲಿ ಪುನರ್ನಿರ್ಮಾಣ ನಿಲ್ಲಬೇಕೆಂದಿತು. ಕೈಕಸುಬು ಜೀವಂತವಾಗಿರುವ ದೇಶದಲ್ಲಿ ಕುಶಲಕರ್ಮಿಗೆ ಹೆಚ್ಚಿನ ಅವಕಾಶ ಇರಬೇಕೆಂದು ಭಾರತದ ಪರಂಪರೆ ಸಂರಕ್ಷಣಾ ಸಂಸ್ಥೆ ಇಂಟ್ಯಾಕ್‌ನ 2004ರ ಸನ್ನದು ವಾದಿಸಿತು. ಕಾರಂಜಿಯ ಮಟ್ಟಿಗೆ ಒಂದು ವ್ಯತ್ಯಾಸ ಮಾಡಬಹುದು. ನೀರಿನ ದಾರಿಗೆ ಬೇಕಾದ ಭಾಗ, ಉದಾಹರಣೆಗೆ ತೊಟ್ಟಿಯ ಅಂಚು, ನೀರು ಬೀಳುವ ತುಟಿ, ಗೋಮುಖದ ಬಾಯಿ ಮುರಿದಿದ್ದರೆ ಹೊಸದು ಕೂರಿಸಲೇಬೇಕು, ಇಲ್ಲದಿದ್ದರೆ ನೀರು ಅಡ್ಡಾದಿಡ್ಡಿ ಹರಿದು ಉಳಿದದ್ದನ್ನೂ ಕೊರೆಯುತ್ತದೆ. ಮೂರ್ತಿಯ ಕೈಬೆರಳಿಗೆ ಆ ಅವಸರವಿಲ್ಲ. ಇಂಥ ಕೆಲಸಕ್ಕೆ ಉಳಿ ಹಿಡಿಯುವವರು ನಮ್ಮಲ್ಲಿದ್ದಾರೆ. ಕಾರ್ಕಳದ ಮಿಯಾರಿನ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯಂಥ ಕಡೆ ಶಿಲ್ಪ ಕಲಿತು ಬಂದವರಿಗೆ ಹೊಸ ಗುಡಿಗಳ ಕೆಲಸ ಸಿಗುವಷ್ಟು ಹಳೆಯ ಕಲ್ಲಿನ ದುರಸ್ತಿ ಕೆಲಸ ಸಿಗುವುದಿಲ್ಲ.

ಹೊರಜಗತ್ತಿನ ಮೂರು ತೀರ್ಮಾನಗಳನ್ನು ಹೋಲಿಸಿ ನೋಡಬಹುದು. ಇಟಲಿಯ ಸಿಯೆನಾದಲ್ಲಿ ಯಾಕೊಪೊ ದೆಲ್ಲಾ ಕ್ವೆರ್ಚಾ 1419ರಲ್ಲಿ ಮುಗಿಸಿದ ಫೋಂತೆ ಗಾಯಾದ ಮೂಲ ಶಿಲ್ಪಗಳು ತೀರ ಸವೆದಾಗ, ಅವನ್ನು ಒಳಗೆ ಸಾಗಿಸಿ, ತಿತೊ ಸರ್ರೊಕ್ಕಿ ಕೆತ್ತಿದ ಪ್ರತಿಯನ್ನು 19ನೆಯ ಶತಮಾನದಲ್ಲಿಯೇ ಚೌಕದಲ್ಲಿ ಕೂರಿಸಿದರು. ಸ್ಪೇನಿನ ಅಲ್‌ಹಂಬ್ರಾದ ಹನ್ನೆರಡು ಅಮೃತಶಿಲೆಯ ಸಿಂಹಗಳನ್ನು ಪ್ರಯೋಗಾಲಯಕ್ಕೆ ಒಯ್ದು ವರ್ಷಗಟ್ಟಲೆ ಸುಣ್ಣದ ಹೊರೆ ಬಿಡಿಸಿ, ಮೂಲ ಸಿಂಹಗಳನ್ನೇ ತಂದಿಟ್ಟು, 2012ರಲ್ಲಿ ನೀರು ಬಿಟ್ಟರು. ರೋಮಿನ ಟ್ರೆವಿ ಕಾರಂಜಿಯನ್ನು ಫೆಂಡಿ ಕಂಪನಿಯ ಸುಮಾರು 22 ಲಕ್ಷ ಯೂರೊ ನೆರವಿನಿಂದ 2014–15ರಲ್ಲಿ ಸ್ಥಳದಲ್ಲಿಯೇ ಸರಿಪಡಿಸಿದರು. ಅದರ ಹಿಂದಿರುವುದು ಕ್ರಿ.ಪೂ. 19ರಲ್ಲಿ ಕಟ್ಟಿದ ಅಕ್ವಾ ವಿರ್ಗೊ ಕಾಲುವೆಯ ಪರಂಪರೆ. ರೋಮಿನವರು ಕಲ್ಲಿನ ಬಗ್ಗೆ ಮಾತ್ರ ಚಿಂತಿಸಿದರೆ ಸಾಕಾಯಿತು. ಮೂಲವನ್ನು ಅವರು ಬಿಟ್ಟುಕೊಟ್ಟಿರಲಿಲ್ಲ.

ನೀರು, ಕಾನೂನು, ಉಸ್ತುವಾರಿ

ಮತ್ತೆ ನೀರು ಹರಿಸುವಾಗ ಹಳೆಯ ಕೊಳವೆಗಳಲ್ಲಿಯೇ ಒತ್ತಡ ತುಂಬುವುದು ಸಲ್ಲದು. ಹಳೆಯದನ್ನು ಇದ್ದಂತೆ ಬಿಟ್ಟು, ಅದರ ಪಕ್ಕದಲ್ಲಿ, ಬೇಡವಾದಾಗ ಕಿತ್ತು ತೆಗೆಯಬಹುದಾದ ಹೊಸ ಕೊಳವೆ ಹಾಯಿಸಬೇಕು. ಚಿಮ್ಮುವ ಎತ್ತರ ಮೂಲ ವಿನ್ಯಾಸಕ್ಕಿಂತ ಹೆಚ್ಚಾಗಬಾರದು. ಮೊಗಲರ ಕಾಲದಲ್ಲಿ ತಾಜಮಹಲಿನ ಕಾರಂಜಿಗಳ ಬುಡದಲ್ಲಿ ತಾಮ್ರದ ಪಾತ್ರೆಗಳನ್ನಿಟ್ಟು ಎಲ್ಲ ಚಿಲುಮೆಗಳಿಗೂ ಒತ್ತಡ ಸಮವಾಗಿ ಸಿಗುವಂತೆ ಮಾಡಿದ್ದರು. ಆಗಿನ ನೀರು ಮೆಲ್ಲಗೆ ಏರಿ ಮೆಲ್ಲಗೆ ಬೀಳುತ್ತಿತ್ತು. ಈಗಿನ ಪಂಪು ಇಪ್ಪತ್ತು ಅಡಿ ಹಾರಿಸುತ್ತದೆ, ಗಾಳಿಗೆ ತುಂತುರು ತೊಟ್ಟಿಯಾಚೆಯ ಕೆತ್ತನೆಯ ಮೇಲೆ ಬೀಳುತ್ತದೆ. ಬಣ್ಣದ ದೀಪ, ಸಂಗೀತಕ್ಕೆ ಕುಣಿಯುವ ನೀರು ಬೃಂದಾವನ ತೋಟಕ್ಕೆ ಚೆಂದ. ನಾನೂರು ವರ್ಷದ ಕಲ್ಲಿನ ಮೇಲೆ ಬಲ್ಬಿನ ಪೆಟ್ಟಿಗೆಗೆ ಮೊಳೆ ಹೊಡೆಯುವುದು ಬೇರೆ ಮಾತು.

ಕೇಂದ್ರದ 1958ರ ಕಾಯಿದೆ ಮತ್ತು ಕರ್ನಾಟಕದ 1961ರ ಕಾಯಿದೆಯಡಿ ಪಟ್ಟಿಯಾದ ಸ್ಮಾರಕಗಳಿಗೆ ಕಾನೂನಿನ ರಕ್ಷಣೆಯಿದೆ. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯವೆಂದು 2010ರ ತಿದ್ದುಪಡಿ ನಿಗದಿಮಾಡಿತು. ಆದರೆ ಕಾರಂಜಿಯ ಮೂಲ ಹಲವು ಕಿಲೋಮೀಟರ್ ದೂರದಲ್ಲಿರುತ್ತದೆ. ಇಬ್ರಾಹಿಂ ರೋಜಾದ ಜಗಲಿ ಸಂರಕ್ಷಿತ; ಅದರ ಊರಿಗೆ ನೀರು ತಂದ ಸುರಂಗದ ಮೇಲೆ ಹೊಲವಿದೆ, ಲೇಔಟ್ ಇದೆ, ಶೌಚದ ಗುಂಡಿಯೂ ಇರಬಹುದು. ಸ್ಮಾರಕವನ್ನು ಒಂದು ಚುಕ್ಕೆಯಾಗಿ ಕಾಣುವ ಕಾನೂನು ಗೆರೆಯಂತೆ ಚಾಚಿದ ಜಲಮಾರ್ಗಕ್ಕೆ ಹೊಂದುವುದಿಲ್ಲ.

ಹಳ್ಳಿಗಳ ಹೊಂಡ, ಮೆಟ್ಟಿಲುಬಾವಿ, ಕಲ್ಯಾಣಿಗಳಲ್ಲಿ ಬಹುಪಾಲು ಯಾವ ಪಟ್ಟಿಯಲ್ಲಿಯೂ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ನರೇಗಾ ಯೋಜನೆಯಡಿ ಗ್ರಾಮ ಪಂಚಾಯಿತಿಗಳು ಇವುಗಳ ಹೂಳು ತೆಗೆಸಿವೆ. ಕೂಲಿಯವರ ಸಲಿಕೆ, ಬುಟ್ಟಿಗಳಿಂದ ಆಗುವ ಕೆಲಸ ಕಲ್ಲಿಗೆ ಒಳ್ಳೆಯದೇ. ಅವಸರಕ್ಕೆ ಜೆಸಿಬಿ ಇಳಿಸಿದಲ್ಲಿ ಮೆಟ್ಟಿಲು ಕದಲುತ್ತವೆ. ಪಾಮನಕಲ್ಲೂರಿನಂಥ ಊರಿನಲ್ಲಿ ಇಂಥ ಕೆಲಸ ಎತ್ತಿಕೊಳ್ಳುವ ಪಂಚಾಯಿತಿಗೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಹೂಳಿನಲ್ಲಿ ಸಿಕ್ಕ ಕೆತ್ತನೆಯ ತುಂಡುಗಳನ್ನು ಸಿಕ್ಕ ಜಾಗ ಬರೆದು ಒಂದೆಡೆ ಇಡುವುದು, ಕೆಲಸಕ್ಕೆ ಮೊದಲೂ ಆಮೇಲೂ ನಾಲ್ಕು ದಿಕ್ಕಿನ ಫೋಟೋ ತೆಗೆಯುವುದು, ನೀರು ಒಳಬರುವ ಮತ್ತು ಹೊರಹೋಗುವ ತೂಬುಗಳನ್ನು ಮುಚ್ಚದಿರುವುದು, ಸಂದಿಗೆ ಸಿಮೆಂಟು ಬಳಿಯದಿರುವುದು, ಟೈಲ್ಸ್ ಹಾಕದಿರುವುದು ಸಾಕು. ಕೆತ್ತನೆಯ ಕಲ್ಲೇನಾದರೂ ಕಂಡರೆ ರಾಜ್ಯ ಪುರಾತತ್ತ್ವ ಇಲಾಖೆಗೆ ಬರೆಯಬೇಕು.

ದುರಸ್ತಿಯಾದ ಕಾರಂಜಿ ಹಾಳಾಗಲು ಹೆಚ್ಚು ಕಾಲ ಬೇಡ. ವಾರಕ್ಕೊಮ್ಮೆ ಎಲೆ ಕಸ ತೆಗೆಯಬೇಕು, ತಿಂಗಳಿಗೊಮ್ಮೆ ತೊಟ್ಟಿ ಬರಿದು ಮಾಡಿ ಮೆತ್ತನೆಯ ಬ್ರಷ್ಷಿನಿಂದ ಪಾಚಿ ಉಜ್ಜಬೇಕು, ಮುಂಗಾರಿಗೆ ಮುನ್ನ ಮತ್ತು ಆಮೇಲೆ ಸಂದುಗಳನ್ನು ನೋಡಬೇಕು, ಬೇರುಗಳನ್ನು ಎಳೆಯವಾಗಿದ್ದಾಗಲೇ ಕೀಳಬೇಕು, ನೀರಿನ ಗಡಸುತನವನ್ನು ಆಗಾಗ ಪರೀಕ್ಷಿಸಬೇಕು. ಜೀರ್ಣೋದ್ಧಾರದ ಅಂದಾಜುಪಟ್ಟಿಯಲ್ಲಿ ಈ ಕೆಲಸಗಳಿಗೆ ಹಣ ತೋರಿಸುವ ರೂಢಿ ನಮ್ಮಲ್ಲಿ ಇನ್ನೂ ಬಂದಿಲ್ಲ. ಉದ್ಘಾಟನೆಯ ಮರುದಿನ ಪಂಪಿನ ಕೀಲಿಕೈ ಯಾರ ಬಳಿ ಇರಬೇಕೆಂಬುದು ಕೂಡ ಬಹುತೇಕ ಕಡೆ ಬರಹದಲ್ಲಿರುವುದಿಲ್ಲ.